ಮಂಜಿನ ಡ್ರಮ್ಮಿನಲ್ಲಿ ಸಾತವ್ವನ ಲಿಂಬಿ

ಕಾಂತು ಬಾಯಿ ತೆರೆದರೆ ಇಂಡಿಯಲ್ಲಿ ಹೊರಟ ಮಾತು ಬಸವನ ಬಾಗೇವಾಡಿ ದಾಟಿ, ನಿಡಗುಂದಿಯಲ್ಲಿ ಚಹಾ ಕುಡಿದು, ಆಲಮಟ್ಟಿಯ ಗೇಟು ತೆಗೆಸಿಯೇ ವಾಪಸು ಬರುತ್ತಿತ್ತು. ಅಂಥವನು ಸಾತವ್ವನ ಹಿತ್ತಲಲ್ಲಿ ನಿಂತು, ಮಣ್ಣೇ ಇಲ್ಲದೆ ಬರೀ ಮಂಜಿನಲ್ಲಿ ಲಿಂಬಿಗೆ ಬೇರು ಬಿಡಿಸುತ್ತೇನೆ ಎಂದಾಗ ಓಣಿಯ ನಾಯಿಗಳೂ ಬೊಗಳುವುದನ್ನು ನಿಲ್ಲಿಸಿ ಕೇಳಿದವು.

ಸಾತವ್ವ ಅವನ ಚಿಗವ್ವ, ಅಪ್ಪನ ತಮ್ಮನ ಹೆಂಡತಿ. ಅವಳ ಲಿಂಬಿಗಿಡದ ಒಂದು ಕಾಯಿ ಹಿಂಡಿದರೆ ಬಾವಿಯೇ ಹುಳಿಯಾಗುತ್ತಿತ್ತು. ಅದರ ಉಪ್ಪಿನಕಾಯಿಯ ಆಸೆಗೆ ಬಸುರಿಯರು ಹೆರಿಗೆಯನ್ನೇ ಮುಂದಕ್ಕೆ ಹಾಕುತ್ತಿದ್ದರು. ಗಿಡ ಹಚ್ಚಿದವನು ತೀರಿಹೋದ ಅವಳ ಗಂಡ. ಈ ವರ್ಷ ಕಾಂಡದಿಂದ ಅಂಟು ಸುರಿದು ಗಿಡ ಒಣಗಿತು. ಹಸಿರಾಗಿ ಉಳಿದದ್ದು ಮೂಡಣ ದಿಕ್ಕಿನ ಒಂದೇ ಟೊಂಗೆ.

ಅವಳು ಗೂಟಿ ಕಟ್ಟುವ ಪರಪ್ಪನನ್ನು ಕರೆಸಿದ್ದಳು. ಟೊಂಗೆಯನ್ನು ಗಿಡದ ಮೇಲೇ ಬಿಟ್ಟು, ಅಲ್ಲಲ್ಲಿ ತೊಗಟೆ ಸುಲಿದು, ಹಸಿ ಪಾಚಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಮಳೆಗಾಲಕ್ಕೆ ಬೇರು ಬರುತ್ತವೆ ಎಂದು ಅವನು ಹೇಳುತ್ತಿದ್ದಂತೆಯೇ ಕಾಂತು ನಕ್ಕ.

"ಪರಪ್ಪಣ್ಣ, ನೀ ದವಾಖಾನ್ಯಾಗ ಪಟ್ಟಿ ಕಟ್ಟಿದಂಗ ಕಟ್ಟತಿ. ನನ್ನ ಮಂಜಿನ ಡ್ರಮ್ಮಿನ್ಯಾಗ ಬೇರು ಓಡಿ ಬರ್ತಾವ. ಈ ಟೊಂಗ್ಯಾಗ ಚಿಗವ್ವಗ ಒಂದ ತೋಟನ ಮಾಡಿ ಕೊಡ್ತೇನಿ."

"ಒಂದೆರಡ ಕಡ್ಡಿ ಒಯ್ದ ನೋಡು ತಮ್ಮಾ. ಉಳಿದದ್ದು ಗಿಡದ ಮ್ಯಾಲ ಇರ್ಲಿ."

ಒಂದೆರಡು ಕಡ್ಡಿಗೆಲ್ಲ ಕಾಂತು ಕೈ ಹಾಕುವವನೇ? ಸಾತವ್ವ ಅವನ ಮುಖ ನೋಡಿ ಹೂಂ ಅಂದಳು. ಅವನು ಟೊಂಗೆಯನ್ನು ಬುಡಕ್ಕೇ ಕತ್ತರಿಸಿ ಮದುಮಗನಂತೆ ಹೊತ್ತೊಯ್ದ.

ಯಂತ್ರವನ್ನು ಮಾತ್ರ ನಿಜಕ್ಕೂ ಚೆಂದ ಕಟ್ಟಿದ್ದ. ನೀಲಿ ಡ್ರಮ್ಮೊಂದನ್ನು ಅರ್ಧಕ್ಕೆ ಕೊಯ್ದು, ತಳದಲ್ಲಿ ನೀರು ತುಂಬಿ, ಹಳೆಯ ಕೂಲರಿನ ಪಂಪು ಇಳಿಸಿದ್ದ. ಅದಕ್ಕೆ ಪೈಪು ಸಿಕ್ಕಿಸಿ, ಡ್ರಿಪ್ ಅಂಗಡಿಯಿಂದ ತಂದ ಮಂಜು ಹಾರಿಸುವ ಫಾಗರುಗಳನ್ನು ಕೂಡಿಸಿದ್ದ. ಮುಚ್ಚಳಕ್ಕೆ ತೂತು ಕೊರೆದು, ಟೊಂಗೆಯಿಂದ ಕತ್ತರಿಸಿದ ಕಡ್ಡಿಗಳ ಕೊರಳಿಗೆ ಸ್ಪಂಜು ಸುತ್ತಿ ಇಳಿಬಿಟ್ಟ. ಒಳಗೆ ಎಂಥ ಮಂಜು! ಹಿಮಾಲಯವೇ ದಾರಿ ತಪ್ಪಿ ಇಂಡಿ ತಾಲ್ಲೂಕಿಗೆ ಬಂದು ಡ್ರಮ್ಮಿನಲ್ಲಿ ಕೂತಂತೆ.

ಬೇರು ಬಂದೇ ಬಂದವು. ಬಿಳಿಯ ದಾರದಂಥವು, ಎಲ್ಲ ಕಡ್ಡಿಗೂ. ಕಾಂತು ಓಣಿಗೆ ಓಣಿಯನ್ನೇ ಕರೆದ. ಸಾತವ್ವ ಮುಟ್ಟದೆ ದೂರದಿಂದಲೇ ಕೈ ಮುಗಿದಳು. ಆಗ ಇವನಿಗೆ ಏನು ಹುಕಿ ಬಂತೋ, ದೇವರ ಜಗಲಿಯಿಂದ ಮಾಳಿಂಗರಾಯನ ಭಂಡಾರ ಒಂದು ಮುಷ್ಟಿ ತಂದು, ಮುಚ್ಚಳ ತೆರೆದಿದ್ದಂತೆಯೇ, ಜಾತ್ರೆಯಲ್ಲಿ ಪಲ್ಲಕ್ಕಿಗೆ ಎರಚಿದ ಹಾಗೆ ಡ್ರಮ್ಮಿಗೆ ಎರಚಿದ. ಅರಿಶಿನದ ಪುಡಿ ಒಳಗಿನ ನೀರಿಗೂ ಬಿತ್ತು. ಎಲ್ಲರೂ ಹಣೆಗೆ ಹಚ್ಚಿಕೊಂಡು ಹೋದರು.

ಮರುದಿನ ಸಿಂದಗಿಯಲ್ಲಿ ಬೀಗರ ಪೈಕಿಯ ನಿಶ್ಚಯ. ಊಟದ ಪಂಕ್ತಿಯಲ್ಲಿ ಕೂತು ಕಾಂತು ಆ ಬೇರುಗಳನ್ನು ಮುದ್ದೇಬಿಹಾಳದವರೆಗೂ ಬೆಳೆಸಿದ. ಸಂಜೆ ಮನೆಗೆ ಬಂದಾಗ ಪಂಪು ಗುಂಯ್ ಅನ್ನುತ್ತಿತ್ತು, ಮಂಜಿರಲಿಲ್ಲ. ಫಾಗರುಗಳ ಸೂಜಿಮೊನೆಯಂಥ ತೂತುಗಳಲ್ಲಿ ಹಳದಿ ಕೆಸರು ಮೆತ್ತಿತ್ತು. ಬೇಸಿಗೆಯ ಹಗಲೆಲ್ಲ ಮಂಜಿಲ್ಲದೆ ನೇತಾಡಿದ ಬೇರುಗಳು ಸುಟ್ಟ ನೂಲಿನಂತೆ ಕಪ್ಪಾಗಿದ್ದವು. ಅವನು ತೂತು ಬಿಡಿಸಿದ, ನೀರು ಬದಲಿಸಿದ, ಕಡ್ಡಿಗಳನ್ನು ನೆನೆಹಾಕಿದ. ಮುಟ್ಟಿದರೆ ಎಲೆ ಉದುರಿದವು.

ಮುಂಜಾನೆ ಗೋಡೆಯಾಚೆಯಿಂದ ಸಾತವ್ವ ಕೇಳಿದಳು, ಹೆಂಗದಾವೋ ಯಪ್ಪಾ ಎಂದು. ಜೋರಾಗ್ಯಾವ ಎಂದ. ಮರುದಿನವೂ ಕೇಳಿದಳು. ಅದರ ಮರುದಿನವೂ. ಲೋಕವನ್ನೇ ನುಂಗುವ ಬಾಯಿಗೆ ಆ ಒಂದು ಶಬ್ದ ಹೊರಡಿಸಲು ಬೆವರು ಬರುತ್ತಿತ್ತು. ಕೊನೆಗೆ ಇಂಡಿಯ ನರ್ಸರಿಯೊಂದರಿಂದ ಲಿಂಬಿ ಸಸಿ ತಂದು, ಅದರ ಚೀಟಿ ಕಿತ್ತು, ಅವಳ ಕೈಗಿಟ್ಟ.

ಸಾತವ್ವ ಪಡಸಾಲೆಯಲ್ಲಿ ಕಂಬಳಿ ಹಾಸಿ ಅವನನ್ನು ಕೂಡಿಸಿದಳು. ಓಣಿಯವರು ಸೇರಿದರು. ಪರಪ್ಪನೂ ಬಂದು, ಗೆದ್ದಿ ಬಿಡು ತಮ್ಮಾ ಎಂದು ಬೆನ್ನು ತಟ್ಟಿದ. ಸಸಿಯನ್ನು ಅವನ ಮುಂದಿಟ್ಟು ಸಾತವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಗಂಡ ಒಳಗೆ ಬಂದಾಗ ಎಳೆದುಕೊಳ್ಳುತ್ತಿದ್ದಂತೆ.

ಕಾಂತುವಿಗೆ ಕಂಬಳಿ ಕಾದ ಹಂಚಾಯಿತು.

"ಚಿಗವ್ವ, ಇದು ನಮ್ಮ ಗಿಡದ್ದಲ್ಲ. ಇಂಡ್ಯಾಗ ಕೊಂಡಿದ್ದು. ಅವು ಸತ್ತಾವ."

ಗೆಳೆಯ ಸಿದ್ಧರಾಮ ಪಕ್ಕನೆ ನಕ್ಕ. "ನೋಡ್ರಿ, ಇನ್ನೊಂದ ಬುರುಡಿ ಬಿಟ್ಟ." ಪಡಸಾಲೆಯೆಲ್ಲ ನಕ್ಕಿತು. ಸಾತವ್ವನೂ ನಕ್ಕಳು.

ಅವನು ಮತ್ತೆ ಹೇಳಬೇಕಾಯಿತು. ಭಂಡಾರದ್ದು, ಸಿಂದಗಿಯದು, ಚೀಟಿ ಕಿತ್ತದ್ದು, ಒಂದನ್ನೂ ಉಬ್ಬಿಸದೆ. ಒಬ್ಬೊಬ್ಬರದೇ ನಗು ನಿಂತಿತು. ಪರಪ್ಪ ನೆಲ ನೋಡಿದ.

"ಒಂದ ಕಡ್ಡಿನೂ ಉಳಿಲಿಲ್ಲ?" ಎಂದಳು ಸಾತವ್ವ.

"ಇಲ್ಲ."

"ದಿನಾ ಮುಂಜಾನಿ ಕೇಳ್ತಿದ್ನಲ್ಲೋ."

ಅವಳ ಸೆರಗು ಜಾರಿತು; ಅವಳು ಮತ್ತೆ ಎಳೆದುಕೊಳ್ಳಲಿಲ್ಲ. ಬಂದವರನ್ನು ಹಾಗೇ ಕಳಿಸಬಾರದೆಂದು ಒಳಗೆ ಹೋಗಿ ಚಹಾ ತಂದು ಎಲ್ಲರಿಗೂ ಕೊಟ್ಟಳು. ಕೊನೆಯ ಕಪ್ಪು ಅವನ ಮುಂದಿಟ್ಟು, ಕುಡಿ ಎಂದಳು. ಹೀರಿದರೆ ಸಪ್ಪಳವಾದೀತೆಂದು ಹೆದರಿ ಕಾಂತು ಕಪ್ಪು ಹಿಡಿದು ಸುಮ್ಮನೆ ಕೂತ.