ಹೀಟ್ ಸಿಂಕಿಗೆ ಎರಡನೆಯ ಸಾಕ್ಷಿ

"ಇದಕ್ಕೆ ಫ್ಯಾಕ್ಟರಿಯಲ್ಲಿ ನೀವು ಐರಿಷಲ್ಲಿ ಏನಂತಿದ್ರಿ?"

ಡಬ್ಲಿನ್ನಿನ ಪದಸಮಿತಿಯಿಂದ ಬಂದಿದ್ದ ನೀಸಾ ಅಲ್ಯೂಮಿನಿಯಂ ತುಂಡೊಂದನ್ನು ನಾಬ್ಲಾಳ ಮೇಜಿನ ಮೇಲಿಟ್ಟಳು. ಮೈತುಂಬ ಸಾಲು ಹಲ್ಲು. ಸರ್ಕ್ಯೂಟಿನ ಬಿಸಿ ಹೀರುವ ಹೀಟ್ ಸಿಂಕ್.

ನಾಬ್ಲಾಳ ಮುಖ ಸಣ್ಣದಾಯಿತು. ಮದುವೆಗೆ ಮುಂಚಿನಿಂದ ಮನೆಮಾತೇ ಐರಿಷ್ ಆದ ಗ್ವೀಡೋರಿನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಸೋಲ್ಡರ್ ಮಾಡಿದವಳು ಅವಳು. ಅಲ್ಲಿ ಹಾಡು, ಜಗಳ, ಚಾಡಿ ಎಲ್ಲವೂ ಐರಿಷಿನಲ್ಲೇ. ಬಿಡಿಭಾಗಗಳ ಹೆಸರು ಮಾತ್ರ ಇಂಗ್ಲಿಷು. ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಅಪ್ಪಟ ಐರಿಷ್ ಹುಡುಕಿಕೊಂಡು ಅಷ್ಟು ದೂರದಿಂದ ಬಂದ ಹುಡುಗಿಯನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ?

"ಕೀರ್," ಎಂದುಬಿಟ್ಟಳು. ಎಂದರೆ ಬಾಚಣಿಗೆ.

ನೀಸಾ ಕುಣಿಯುವುದೊಂದು ಬಾಕಿ. "ಸಮಿತಿಯೋರು ಉಷ್ಣಶೋಷಕ ಅನ್ನೋ ಥರ ಏನೋ ಹೊಸೆದಿಟ್ಟಿದಾರೆ, ಯಾರ ಬಾಯಲ್ಲೂ ನಿಲ್ಲಲ್ಲ. ಇದು ಜನರ ಮಾತು! ಇನ್ನೊಬ್ರು ಹೇಳಿದ್ರೆ ಸಾಕು, ನಿಘಂಟಿಗೆ ಸೇರಿಸ್ತೀವಿ. ನಿಮ್ಮ ಜೊತೆ ಕೆಲಸ ಮಾಡಿದೋರು ಯಾರಾದ್ರೂ ಇದಾರಾ?"

ಇದ್ದಳು, ಹ್ಯಾನಾ, ಪಕ್ಕದ ಮನೆಯಲ್ಲೇ. ಮುಚ್ಚುಮರೆ ಅರಿಯದ ಹೆಂಗಸು. ಅಲ್ಲಿಗೆ ಹೋಗುವಾಗ ನಾಬ್ಲಾಳಿಗೆ ಸುಳ್ಳುಬುರುಕಿ ಎನಿಸಿಕೊಳ್ಳುವ ಭಯ. ಅದರ ಜೊತೆಗೇ, ಹ್ಯಾನಾ ಏನನ್ನುತ್ತಾಳೋ ನೋಡೋಣವೆಂಬ ಕೆಟ್ಟ ಕುತೂಹಲ.

ಹ್ಯಾನಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ನೀಸಾ ಅದೇ ತುಂಡನ್ನಿಟ್ಟು ಅದೇ ಪ್ರಶ್ನೆ ಕೇಳಿದಳು.

"ಹೀಟ್ ಸಿಂಕ್. ಇನ್ನೇನಂತಾರೆ?"

ನಾಬ್ಲಾಗೆ ತಡೆಯಲಾಗಲಿಲ್ಲ. "ಆ ಹೆಸರು ನಾನು ಈಗಷ್ಟೇ ಹುಟ್ಟಿಸಿದ್ದು ಮಗಳೇ. ಇಂಗ್ಲಿಷ್ ಹೇಳೋಕೆ ನಾಚಿಕೆ ಆಯ್ತು. ತಪ್ಪಾಯ್ತು."

ನೀಸಾಳ ಮುಖ ಬಾಡಿತು. ಪುಸ್ತಕದಲ್ಲಿ ಬರೆದುಕೊಂಡಿದ್ದರ ಮೇಲೆ ಗೆರೆ ಎಳೆದಳು.

"ಏನಂತ ಹುಟ್ಟಿಸಿದ್ಯೇ?" ಎಂದಳು ಹ್ಯಾನಾ.

"ಬಾಚಣಿಗೆ."

"ಥೂ ನಿನ್ನ!" ಹ್ಯಾನಾ ಬಿದ್ದು ಬಿದ್ದು ನಕ್ಕಳು. ತುಂಡನ್ನೆತ್ತಿ ತಿರುಗಿಸಿ ನೋಡಿದಳು. "ಇದ್ರಲ್ಲಿ ಬಾಚಿದ್ರೆ ತಲೆ ಬೋಳೇ. ಅಲ್ವೇ, ನಮ್ಮ ಫ್ಯಾಕ್ಟರಿದು ಇನ್ನೂ ದಪ್ಪ ಇತ್ತಲ್ಲ? ಟೆಸ್ಟಿಂಗಲ್ಲಿ ನಾನು ಕೈ ಸುಟ್ಕೊಂಡೆ ನೋಡು."

"ಸುಟ್ಕೊಂಡಿದ್ದು ನಾನು ಕಣೇ. ನಿಂಗೆ ತಗುಲಿದ್ದು ಸೋಲ್ಡರಿಂಗ್ ಐರನ್ನು."

"ಹೋಗೇ, ಬಾಚಣಿಗೆನೇ! ರೇಡಿಯೋದ್ದು, ಆ ದೊಡ್ಡ ಬಾಚಣಿಗೆ. ಗುರುತು ನೋಡು." ಹ್ಯಾನಾ ಅಂಗಿಯ ತೋಳು ಮಡಚಿ ತೋರಿಸಿದಳು.

"ರೇಡಿಯೋ ಬಾಚಣಿಗೆ ಅಷ್ಟೊಂದು ಕಾಯ್ತಿತ್ತೇನೇ? ಆಂಪ್ಲಿಫೈಯರಿಂದು ಅದು!"

ಬಾಚಣಿಗೆ ಎಂಬ ಮಾತು ಈಗ ಹ್ಯಾನಾಳ ಬಾಯಲ್ಲೂ ಕೇಳಿ ನೀಸಾ ತಲೆಯೆತ್ತಿದ್ದಳು. ಹುಡುಗಿ ಉಸಿರು ಬಿಗಿಹಿಡಿದು ಕೇಳುತ್ತಿರುವುದನ್ನು ನಾಬ್ಲಾ ಕಂಡಳು. ಕಂಡೂ ಜಗಳ ನಿಲ್ಲಿಸಲಿಲ್ಲ.