ಗೋಡೆಯ ಮೇಲಿನ ಅವ್ವ

ಹಲವಾಗಲಿನ ಕೇರಿಯ ಸಮುದಾಯ ಭವನದ ಪಶ್ಚಿಮದ ಗೋಡೆಗೆ ಕೈ ಊರಿದಾಗ ತಿಪ್ಪೇಶನ ಅಂಗೈಗೆ ಪುಡಿ ಮೆತ್ತಿಕೊಂಡಿತು. ಇಪ್ಪತ್ತು ವರ್ಷ ಮನೆಗಳಿಗೆ ಬಣ್ಣ ಹೊಡೆದವನು ಅವನು. ಸುಣ್ಣದ ಗೋಡೆ ಪುಡಿ ಬಿಡುತ್ತದೆ. ಒಳ್ಳೆಯ ಬಣ್ಣ ಐದೇ ವರ್ಷಕ್ಕೆ ಹಾಗೆ ಬಿಡಬಾರದು. ಇನ್ನೊಮ್ಮೆ ಉಜ್ಜಿ ನೋಡಿದ. ಈ ಸಲ ಪುಡಿ ನೀಲಿಯಾಗಿತ್ತು. ಅವ್ವನ ಸೀರೆಯ ನೀಲಿ.

ಆ ಗೋಡೆಯ ಮೇಲಿನ ಚಿತ್ರ ಬರೆದವಳು ಅವನ ಅಕ್ಕ ರಮಾ, ಹರಪನಹಳ್ಳಿಯಲ್ಲಿ ಡ್ರಾಯಿಂಗ್ ಟೀಚರ್. ಒಂದು ಬೇಸಿಗೆ ರಜೆಯಿಡೀ ಏಣಿಯ ಮೇಲೆ ನಿಂತು, ಅರಳಿ ಮರದ ಕೆಳಗೆ ಬುದ್ಧನನ್ನೂ ಅವನೆದುರು ಕೇರಿಯ ಎಂಟು ಹೆಂಗಸರನ್ನೂ ಬರೆದಿದ್ದಳು. ಎಂಟೂ ನಿಜದ ಮುಖಗಳು. ಕೊನೆಯದು ಅವರ ಅವ್ವ ಬಸಲಿಂಗಮ್ಮನದು. ಅವ್ವ ತೀರಿಕೊಂಡು ಮೂರು ವರ್ಷ. ಆಧಾರ್ ಕಾರ್ಡಿನ ಮಸುಕು ಫೋಟೊ ಬಿಟ್ಟರೆ ಅವಳ ಮುಖ ಉಳಿದದ್ದು ಅಲ್ಲಿ ಮಾತ್ರ. ಗೋಡೆ ಬರೆದ ಮೇಲೆ ರಮಾ ಸ್ಕೂಟಿಯಿಂದ ಬಿದ್ದು ಬಲಗೈಯ ನರ ಕಡಿದುಕೊಂಡಳು. ಈಗ ಆ ಬೆರಳುಗಳಲ್ಲಿ ಸೀಮೆಸುಣ್ಣವೂ ನಿಲ್ಲುವುದಿಲ್ಲ.

ಗೋಡೆಯನ್ನು ಕಾಪಾಡಬೇಕೆಂದೇ ತಿಪ್ಪೇಶ ಹೋದ ಬೇಸಿಗೆಯಲ್ಲಿ ಅದರ ಮೇಲೊಂದು ಲೇಪ ಹಚ್ಚಿದ್ದ. ಮರಳಿನ ಲಾರಿಗಳ ಧೂಳು ಕೂತು ಮುಖಗಳು ಮಂಕಾಗಿದ್ದವು. ದಾವಣಗೆರೆಯ ಕಟ್ಟಡವೊಂದರಲ್ಲಿ ಅವನು ಹೊಸ ಲೇಪ ನೋಡಿದ್ದ. ಹಚ್ಚಿದರೆ ಕಾಣುವುದೇ ಇಲ್ಲ. ಅದರೊಳಗೆ ಟೈಟಾನಿಯಂ ಡೈಆಕ್ಸೈಡಿನ ಅತಿ ಸಣ್ಣ ಕಣಗಳು. ಬಿಸಿಲು ಬಿದ್ದರೆ ಅವು ಕೊಳೆಯನ್ನು ಸುಟ್ಟುಹಾಕುತ್ತವೆ, ಉಳಿದದ್ದನ್ನು ಮಳೆ ತೊಳೆದುಬಿಡುತ್ತದೆ. ಬಣ್ಣದ ಗೋಡೆಗಾದರೆ ಮೊದಲು ಅಡಿಗೆ ಬೇರೆಯದೇ ಪ್ರೈಮರ್ ಲೇಪ ಹೊಡೆಯಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಆ ಪ್ರೈಮರ್ ಬರಲು ಹದಿನೈದು ದಿನವಾಗುತ್ತದೆ ಎಂದರು. ಭವನದಲ್ಲಿ ನಡೆಯುವ ಬುದ್ಧ ಪೂರ್ಣಿಮೆಗೆ ಉಳಿದಿದ್ದುದು ನಾಲ್ಕೇ ದಿನ. ಎಷ್ಟೋ ಮನೆಗಳಲ್ಲಿ ಪ್ರೈಮರ್ ಬಿಟ್ಟು ಬಣ್ಣ ಹೊಡೆದವನು ಇಲ್ಲೂ ಅದನ್ನು ಬಿಟ್ಟು ಲೇಪ ಹಚ್ಚಿದ. ಮಳೆಗಾಲ ಮುಗಿದಾಗ ಗೋಡೆ ತೊಳೆದಿಟ್ಟ ತಟ್ಟೆಯಂತಿತ್ತು. ಊರೆಲ್ಲ ಹೊಗಳಿತ್ತು.

ಈಗ ಫೆಬ್ರುವರಿ. ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ಲೇಪದ ಕಂಪನಿಗೆ ಫೋನ್ ಮಾಡಿದ. ಮಾತಾಡಿದವಳು ಅರ್ಚನಾ ಎಂಬ ಎಂಜಿನಿಯರ್.

“ಪ್ರೈಮರ್ ಹೊಡದಿದ್ರೇನ್ರಿ?”

“ಇಲ್ರಿ ಮೇಡಂ.”

“ಆ ಲೇಪಕ್ಕ ಕೊಳಿ ಯಾವ್ದು, ಬಣ್ಣ ಯಾವ್ದು ಗೊತ್ತಾಗಂಗಿಲ್ರಿ. ಬಣ್ಣನ ಗೋಡಿಗೆ ಹಿಡಕೊಂಡಿರೋ ಅಂಟು ಐತಲ್ಲ, ಅದನ್ನ ತಿಂತೈತಿ. ಬಿಸಿಲು ಇರೋತನಕ ತಿಂತೈತಿ.”

“ಮ್ಯಾಲೊಂದು ಬಣ್ಣ ಇಲ್ಲದ ಕ್ಲಿಯರ್ ಕೋಟ್ ಹೊಡದ್ರ?”

“ಅದನ್ನೂ ತಿಂತೈತ್ರಿ. ಬಿಸಿಲು ಬೀಳದಂಗ ನೋಡ್ಕೊಳ್ರಿ. ಹೋಗಿದ್ದು ಮಾತ್ರ ಬರಂಗಿಲ್ಲ.”

ಅಂದೇ ಅವನು ಗೋಡೆಗೆ ಅಡ್ಡಲಾಗಿ ತಾಡಪತ್ರಿ ಕಟ್ಟಿದ. ಭವನದ ಉಸ್ತುವಾರಿ ನೋಡುವ ಹಿರಿಯ ಬೊಮ್ಮಪ್ಪ ಬಂದು ಯಾಕೆಂದು ಕೇಳಿದಾಗ, “ಅಕ್ಕ ಒಂಚೂರು ತಿದ್ದಬೇಕು ಅಂದಾಳ” ಎಂದುಬಿಟ್ಟ. ಅಕ್ಕನ ಕೈ ನೆನಪಾದದ್ದು ಮಾತು ಬಾಯಿಂದ ಬಿದ್ದ ಮೇಲೆ. ಎರಡು ದಿನ ಹೊಳೆಯ ಕಡೆಯಿಂದ ಜೋರು ಗಾಳಿ ಬೀಸಿತು. ತಾಡಪತ್ರಿ ಗೋಡೆಗೆ ಬಡಿಬಡಿದು ಉಜ್ಜಿತು. ಬಿಚ್ಚಿ ನೋಡಿದರೆ ಬುದ್ಧನ ಮುಖವಿದ್ದಲ್ಲಿ ಬರೀ ಕಂದು ಕಲೆ. ಕೈಯಾರೆ ಕಟ್ಟಿದ್ದ ತಾಡಪತ್ರಿಯನ್ನು ತುಳಿದು ತುಳಿದು ಮಣ್ಣು ಮಾಡಿದ. ಅದರಿಂದ ಏನೂ ಆಗಲಿಲ್ಲ.

ಮೂರನೆಯ ದಿನ ರಮಾ ಬಸ್ಸಿಳಿದು ನೇರ ಅಲ್ಲಿಗೇ ಬಂದಳು. ಬೊಮ್ಮಪ್ಪ ಖುಷಿಯಿಂದ ಫೋನ್ ಮಾಡಿದ್ದನಂತೆ.

“ನನ್ನ ಕೈಲಿ ತಿದ್ದಸ್ತೀಯಂತಲ್ಲೋ,” ಎಂದವಳು ಗೋಡೆಯತ್ತ ತಿರುಗಿದಳು. ತಿಪ್ಪೇಶ ನಡೆದದ್ದನ್ನೆಲ್ಲ ಹೇಳಿದ. ಅವಳು ಎಡಗೈಯಿಂದ ಅವ್ವನ ಕೆನ್ನೆ ಮುಟ್ಟಿದಳು. ಕೆನ್ನೆ ಬೆರಳಿಗೆ ಬಂತು.

“ಡಬ್ಬಿ ಮ್ಯಾಲೆ ಬರದಿದ್ದು ಓದಿದ್ದೇನಲೇ?”

“ಓದಿದ್ದೆ ಅಕ್ಕ.”

ಇಲ್ಲ ಎಂದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತೇನೋ. ಸುಳ್ಳು ಹೇಳುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಉಳಿದ ಗೆರೆಗಳನ್ನಾದರೂ ಹಿಡಿಯೋಣವೆಂದು ಟ್ರೇಸಿಂಗ್ ಹಾಳೆ ತಂದ. ರಮಾ ಕುರ್ಚಿಯಲ್ಲಿ ಕೂತು ಹೇಳಿದಳು, ಅವನು ಉಸಿರು ಬಿಗಿಹಿಡಿದು ಪೆನ್ಸಿಲ್ ಆಡಿಸಿದ. ಎರಡು ದಿನದಲ್ಲಿ ಏಳು ಹೆಂಗಸರು ಹಾಳೆಗೆ ಇಳಿದರು. ಅವ್ವನದು ಒಂದು ಕಣ್ಣು, ಮೂಗಿನ ಒಂದು ಬದಿ, ಅಷ್ಟೇ ಸಿಕ್ಕಿತು. ಉಳಿದದ್ದನ್ನು ರಮಾ ಎಡಗೈಯಲ್ಲಿ ಬರೆಯಲು ಹೋದಳು. ಗೆರೆ ನಡುಗಿ ಬೇರೆ ಯಾರೋ ಹೆಂಗಸಿನ ಮುಖವಾಯಿತು. ನಾಲ್ಕನೆಯ ಹಾಳೆಯನ್ನೂ ಹರಿದು ಮಡಿಲಲ್ಲಿಟ್ಟುಕೊಂಡು ಕೂತಳು. ತಿಪ್ಪೇಶನಿಗೆ ಅವಳ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ.

“ಉಳಿದಿದ್ದೆಲ್ಲ ಕೆರದ್ರೂ ಅವ್ವ ಇರೋ ಅಷ್ಟು ಜಾಗ ಬಿಡೂಣು ಅಕ್ಕ,” ಎಂದ ದೂರದಿಂದಲೇ. “ತಗಡಿನ ಪೆಟ್ಟಿಗಿ ಮಾಡಿ ಮುಚ್ಚಿಡ್ತೀನಿ. ಬಿಸಿಲು ಬೀಳದಂಗ.”

“ಮುಚ್ಚಿಟ್ಟು ಯಾರು ನೋಡ್ಬೇಕು?” ಎಂದಳು ರಮಾ. “ಎಲ್ಲಾ ಕೆರಿ. ಆ ಲೇಪ ಒಂಚೂರು ಉಳಿದ್ರೂ ಮುಂದ ಬರಿಯೋದನ್ನೂ ತಿಂತೈತಿ.”

“ಮುಂದ ಯಾರು ಬರಿತಾರ?”

ಅವಳು ಮಡಿಲಿನ ಹಾಳೆಚೂರುಗಳನ್ನು ಒಟ್ಟುಮಾಡತೊಡಗಿದಳು.

ಗೋಡೆಗೆ ನೀರು ಚಿಮುಕಿಸಿ ಅವನು ಅಲಗಿನಿಂದ ಕೆರೆಯತೊಡಗಿದ. ಮೊದಲು ಅರಳಿ ಮರ, ಆಮೇಲೆ ಬುದ್ಧ, ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು. ಕೊನೆಯ ಜಾಗಕ್ಕೆ ಬಂದಾಗ ಕೈ ನಿಂತಿತು. ತಿರುಗಿ ನೋಡಿದ. ರಮಾ ನೋಡುತ್ತಲೇ ಇದ್ದಳು; ಬೇಡವೆನ್ನಲಿಲ್ಲ. ಅವನು ಕಣ್ಣು ಮುಚ್ಚಿ ಅಲಗನ್ನು ಒತ್ತಿದ. ನೀಲಿ ನೀರು ಮೊಣಕೈವರೆಗೆ ಇಳಿಯಿತು. ಸಿಮೆಂಟು ಕಾಣುವವರೆಗೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.