ಸಿದ್ದರಾಮನ ಅಳಿಲುಮನೆ

ತಮ್ಮನ ಹೆಸರೆತ್ತಿದರೆ ಸಾಕು, ಬಸಗೊಂಡಪ್ಪ ಮೂಗು ಮುರಿಯುತ್ತಿದ್ದ. ತಾನು ತಿಕೋಟಾದ ಹೊಲದಲ್ಲಿ ದ್ರಾಕ್ಷಿ ಬೆಳೆದು ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯನಾಗಿದ್ದರೆ, ಈ ಸಿದ್ದರಾಮ ಒಣದ್ರಾಕ್ಷಿಯ ಹಳೇ ಶೆಡ್ಡಿಗೆ ಸುತ್ತಲೂ ಜಾಲರಿ ಬಡಿದು ಅಳಿಲು ಸಾಕಿದ್ದ. ಕಡಿದ ಬೇವಿನಮರದಿಂದ ಬಿದ್ದ ಎರಡು ಮರಿಗಳಿಗೆ ಹತ್ತಿಯಲ್ಲಿ ಹಾಲು ಕುಡಿಸಿದ್ದರಿಂದ ಶುರುವಾದದ್ದು, ಈಗ ಶೆಡ್ಡಿನೊಳಗೆ ಕಟ್ಟಿದ ಟೊಂಗೆ ಟೊಂಗೆಗೂ ಬಾಲ ಕಾಣುತ್ತಿತ್ತು. ಗಡಿಗೆಗಳಿಗೆ ತೂತು ಕೊರೆದು, ತೆಂಗಿನ ನಾರು ತುಂಬಿ ತೂಗುಹಾಕಿದ್ದ. ಹೆಣ್ಣಳಿಲು ಮರಿ ಹಾಕುವ ಹೊತ್ತಿಗೆ ಗಂಡನ್ನು ಹಿಡಿದು ಪಕ್ಕದ ಕೋಣೆಗೆ ಬಿಡುತ್ತಿದ್ದ.

"ಇಲಿಗೆ ಬಾಣಂತನಾ ಮಾಡಾಂವ ನಮ್ಮ ಮನಿತನದಾಗ ಹುಟ್ಟ್ಯಾನ," ಎಂದು ಬಸಗೊಂಡಪ್ಪ ಕಟ್ಟೆಗೆ ಕೂತವರಿಗೆಲ್ಲ ಹೇಳುತ್ತಿದ್ದ. ಸಿದ್ದರಾಮ ಕೇಳಿಸಿಕೊಂಡೂ ಶೇಂಗಾ ಸುಲಿಯುತ್ತಿದ್ದ. ತಿರುಗಿ ಬೈಯಲೂ ಬಾರದ ಮುಖೇಡಿ ಎಂದು ಅಣ್ಣನಿಗೆ ಇನ್ನಷ್ಟು ಅಸಹ್ಯ.

ಅವತ್ತು ಮಗಳು ಐಶ್ವರ್ಯಳನ್ನು ನೋಡಲು ಬಬಲೇಶ್ವರದವರು ಬರುವುದಿತ್ತು. ಬಸಗೊಂಡಪ್ಪ ತಮ್ಮನನ್ನು ಕರೆದು, "ವಿಜಯಪುರಕ್ಕ ಹೋಗಿ ಸಿಹಿ ತೊಗೊಂಬಾ. ಸಾವಕಾಶ ಬಂದ್ರೂ ನಡೀತೈತಿ," ಎಂದ.

"ಆತಣ್ಣಾ. ಮರಿ ಈಗ ಗಡಿಗಿ ಬಿಟ್ಟು ಹೊರಗ ಬರಾಕತ್ತಾವ. ಆ ಕಡೆ ಯಾರನ್ನೂ ಬಿಡಬ್ಯಾಡ."

ಬಸ್ಸು ಹೋದದ್ದೇ ತಡ, ಬಸಗೊಂಡಪ್ಪ ಶೆಡ್ಡಿಗೆ ಬಂದು ಚಿಲಕ ಸರಿಸಿದ. ಬೀಗರ ಕಣ್ಣಿಗೆ ಈ ದರಿದ್ರ ಬೀಳಬಾರದು. ಬಡಿಗೆಯಿಂದ ಜಾಲರಿ ಬಡಿದ. ದೊಡ್ಡ ಅಳಿಲುಗಳು ಚಂಗನೆ ಹಾರಿ ಮರ ಹತ್ತಿದವು. ಮರಿಗಳಿಗೆ ಮನುಷ್ಯರ ಅಂಜಿಕೆಯೇ ಇರಲಿಲ್ಲ. ಅವನು ತಿರುಗಿ ನೋಡದೆ ಮನೆಗೆ ಬಂದ. ಅವೂ ಬೆನ್ನು ಹತ್ತಿ ಬಂದವು.

ಪಡಸಾಲೆಯಲ್ಲಿ ವರನ ತಂದೆ ಗೊಲ್ಲಾಳಪ್ಪ ಚುರುಮುರಿ ಸೂಸಲದ ತಟ್ಟೆ ಹಿಡಿದಿದ್ದಾಗ ಒಂದು ಮರಿ ಅವನ ತೊಡೆ ಏರಿತು. ವರ ಶಿವಲಿಂಗ ಅಲುಗಾಡದೆ ಅಂಗೈ ಚಾಚಿದ. ಮರಿ ಅದರೊಳಗೆ ಕೂತು ಚುರುಮುರಿ ಕಡಿಯಿತು. ಐಶ್ವರ್ಯ ಮೊದಲ ಸಲ ತಲೆಯೆತ್ತಿ ಹುಡುಗನನ್ನು ನೋಡಿ ನಕ್ಕಳು. ಇಲಿಗೆ ಕೈ ಕೊಡುವವನೂ ಒಬ್ಬ ಗಂಡಸೇ ಎಂದು ಬಸಗೊಂಡಪ್ಪನಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಅಂಗಳದಲ್ಲಿ ಚೀರು. ಬೆಕ್ಕು ಇನ್ನೊಂದು ಮರಿಯನ್ನು ಕಚ್ಚಿತ್ತು. ಐಶ್ವರ್ಯ ಓಡಿಹೋಗಿ ಬಿಡಿಸಿದಳು. ಆದರೆ ಜೀವ ಉಳಿದಿರಲಿಲ್ಲ. ಅದನ್ನು ಸೆರಗಿನಲ್ಲಿ ಹಿಡಿದು ನಿಂತಾಗಲೇ ಸಿದ್ದರಾಮ ಸಿಹಿಯ ಡಬ್ಬಿಯೊಂದಿಗೆ ಒಳಗೆ ಬಂದ.

"ಗಾಳಿಗೆ ಬಾಗಲಾ ತೆರದಿರಬೇಕು," ಎಂದ ಬಸಗೊಂಡಪ್ಪ.

ಸಿದ್ದರಾಮ ಡಬ್ಬಿ ಕೆಳಗಿಟ್ಟ. "ಆ ಚಿಲಕಾ ಗಾಳಿಗೆ ಸರಿಯೂದಿಲ್ಲಣ್ಣಾ. ಸಿಟ್ಟ ನನ್ನ ಮ್ಯಾಲ ಇತ್ತು, ನನಗ ಬಡೀಬೇಕಿತ್ತು."

ಗೊಲ್ಲಾಳಪ್ಪ ಬಸಗೊಂಡಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಾನು ಇಷ್ಟು ವರ್ಷ ತಮ್ಮನನ್ನು ನೋಡುತ್ತಿದ್ದುದು ಹೀಗೆಯೇ ಎಂದು ಬಸಗೊಂಡಪ್ಪನಿಗೆ ಗುರುತು ಹತ್ತಿತು, ಕಿವಿ ಬಿಸಿಯಾದವು.

"ಹುಡುಗಿ ನಮಗ ಪಸಂದ ಅದಾಳ್ರಿ," ಗೊಲ್ಲಾಳಪ್ಪ ಸಿದ್ದರಾಮನ ಕಡೆ ತಿರುಗಿ ಹೇಳಿದ. "ಮುಂದಿನ ಮಾತು ನಿಮ್ಮ ಜೋಡಿ ಆಡ್ತೀವ್ರಿ."

"ಮದಲ ಉಳದ ಮರಿ ಹಿಡದು ಒಳಗ ಬಿಡ್ಬೇಕ್ರಿ."

ಶಿವಲಿಂಗ ಅಂಗಿಯ ತೋಳು ಮಡಚಿ ಎದ್ದ. ಐಶ್ವರ್ಯ ಶೇಂಗಾದ ಪುಟ್ಟಿ ತಂದಳು. ಮೂವರೂ ಉಳಿದ ಮರಿಗಳು ಬೆಕ್ಕಿಗೆ ಹೆದರಿ ಏರಿದ್ದ ಅಂಗಳದ ಮರದ ಕಡೆ ನಡೆದರು. ಎಂಥಾ ಹುಚ್ಚರ ಸಂತೆ ಇದು ಎಂದು ಹೇಳಲು ಬಸಗೊಂಡಪ್ಪ ಬಾಯಿ ತೆರೆದ. ಗೊಲ್ಲಾಳಪ್ಪ ಕುರ್ಚಿಯನ್ನು ಅವನಿಗೆ ಬೆನ್ನು ಮಾಡಿ ತಿರುಗಿಸಿಕೊಂಡು, ಮರದತ್ತ ನೋಡುತ್ತ ಕೂತ.